ಗಾಜಿನ ಒಲೆಗೂ ಚಕ್ಕುಬಂದಿ

ಇಲ್ಲಿ ಮ್ಯೂನಿಕ್‌ನಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಕರಿ ಗಾಜಿನ ಒಲೆ ಇರುತ್ತದೆ. ಅದು ಬರೀ ಗಾಜಲ್ಲ, ಗ್ಲಾಸ್ ಸೆರಾಮಿಕ್. ಗಾಜನ್ನು ಮತ್ತೆ ಕಾಯಿಸಿ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಬೆಳೆಸಿರುತ್ತಾರೆ. ಕಾದರೂ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಬಿಸಿ ಇದ್ದಾಗ ತಣ್ಣೀರು ಚೆಲ್ಲಿದರೂ ಬಿರುಕು ಬಿಡಲ್ಲ. ಜೋಳದ ರೊಟ್ಟಿ ಮಾತ್ರ ಸರಿಯಾಗಿ ಉಬ್ಬಲ್ಲ, ಆ ಮಾತು ಬಿಡಿ.

ಇಂಥ ವಸ್ತುಗಳ ಪೇಟೆಂಟ್ ಓದುವುದೇ ನನ್ನ ಕೆಲಸ. "ಅಲ್ಲೋ, ಗಾಜಿಗೆ ವಕೀಲರು ಯಾಕ ಬೇಕು?" ಅಂತ ಧಾರವಾಡದಿಂದ ಕಾಕಾ ಫೋನಿನಲ್ಲಿ ಕೇಳಿದರು. ಅವರು ವರ್ಷಾನುಗಟ್ಟಲೆ ಖರೀದಿ ಪತ್ರ ಬರೆದವರು. "ಹೊಲಕ್ಕ ಚಕ್ಕುಬಂದಿ ಇದ್ದಂಗ, ಪೇಟೆಂಟಿಗೆ ಕ್ಲೇಮ್" ಅಂದೆ. ಕ್ಲೇಮ್ ಅಂದರೆ ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಅಂತ ಗೆರೆ ಹಾಕುವ ಸಾಲುಗಳು. ಕಾಕಾಗೆ ಮುಂದೆ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಇಲ್ಲಿ ಗಡಿ ಹಾಕುವುದು ಅಂಕಿಗಳು. ಒಂದು ಕ್ಲೇಮಿನಲ್ಲಿ ಗಾಜಿನ ಘಟಕಗಳಾದ ಸಿಲಿಕಾ ಶೇ. 60ರಿಂದ 70, ಅಲ್ಯೂಮಿನಾ 19ರಿಂದ 24, ಲಿಥಿಯಂ ಆಕ್ಸೈಡ್ 3ರಿಂದ 4.5 ಅಂತಿದೆ ಅನ್ನಿ. ಜೊತೆಗೆ ಹರಳು ಹುಟ್ಟಿಸಲು ಟೈಟಾನಿಯಾ, ಜಿರ್ಕೋನಿಯಾ. ಪೇಟೆಂಟ್ ಹೊಸದಕ್ಕೆ ಮಾತ್ರ, ಆದರೆ ಯಾವುದೋ ಹಳೆಯ ದಾಖಲೆಯಲ್ಲಿ ಲಿಥಿಯಂ ಆಕ್ಸೈಡ್ 8.5 ಅಂತ ಸಿಗುತ್ತದೆ. ಗಡಿಯ ಹೊರಗಿದೆ, ಅಲ್ವಾ? ತಡೀರಿ. ಕ್ಲೇಮಿನದು ತೂಕದ ಲೆಕ್ಕ, ದಾಖಲೆಯದು ಮೋಲ್ ಲೆಕ್ಕ, ಅಂದರೆ ಕಣಗಳ ಎಣಿಕೆ. ಲಿಥಿಯಂ ಆಕ್ಸೈಡ್ ತುಂಬಾ ಹಗುರ. ಇಂಥ ಗಾಜಿನಲ್ಲಿ ತೂಕದಲ್ಲಿ ಶೇ. 4 ಇದ್ದರೆ ಮೋಲ್‌ನಲ್ಲಿ 8ರಿಂದ 9 ಆಗುತ್ತದೆ. ಅದೊಂದನ್ನೇ ತಿರುಗಿಸಲೂ ಬರಲ್ಲ, ಎಲ್ಲ ಆಕ್ಸೈಡ್‌ಗಳನ್ನೂ ಹಿಡಿದು ಲೆಕ್ಕ ಹಾಕಬೇಕು. ಉಳಿದದ್ದೂ ಗಡಿಯೊಳಗೇ ಬಂತೆಂದರೆ ವಸ್ತು ಹಳೆಯದೇ, ಪೇಟೆಂಟ್ ನಿಲ್ಲಲ್ಲ.

2025ರ ಜೂನ್‌ನಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ ಜಿ 1/24 ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕ್ಲೇಮ್ ಅರ್ಥ ಮಾಡುವಾಗ ಪೇಟೆಂಟಿನಲ್ಲೇ ಇರುವ ವಿವರಣೆಯನ್ನೂ ಚಿತ್ರಗಳನ್ನೂ ಯಾವಾಗಲೂ ನೋಡಲೇಬೇಕು ಅಂತ. ಮೊದಲು ಕಚೇರಿಯ ಕೆಲವು ಮೇಲ್ಮನವಿ ಪೀಠಗಳು ಕ್ಲೇಮ್ ಸ್ಪಷ್ಟ ಇಲ್ಲದಿದ್ದರೆ ಮಾತ್ರ ನೋಡುತ್ತಿದ್ದವು. ಕಾಕಾಗೆ ಇದೇ ನಗು. "ನಕಾಶೆ ನೋಡದ ಹೊಲಾ ಅಳಿತಿದ್ರೇನು?" ಅಂದರು.

'ಆರ್ಸೆನಿಕ್ ಇಲ್ಲದ' ಅಂತ ಬರೆದ ಕ್ಲೇಮ್‌ಗಳಿಗೆ ಇದು ಜಾಸ್ತಿ ತಟ್ಟುತ್ತದೆ. ಕರಗಿದ ಗಾಜಿನ ಗುಳ್ಳೆ ಹೊರಹಾಕಲು ಮೊದಲು ಆರ್ಸೆನಿಕ್ ಹಾಕುತ್ತಿದ್ದರು, ಈಗ ಹೆಚ್ಚಾಗಿ ತವರದ ಆಕ್ಸೈಡ್. ಆದರೂ ಕಚ್ಚಾ ಮಾಲಿನಿಂದ ಒಂಚೂರು ಸೇರಿರಬಹುದು. ಎಷ್ಟಿದ್ದರೆ 'ಇಲ್ಲ'? ವಿವರಣೆಯಲ್ಲಿ ಮಿತಿ ಬರೆದಿದ್ದರೆ ವಾದ ಬೇಗ ಮುಗಿಯುತ್ತದೆ. ಬರೆಯದಿದ್ದರೆ ಎರಡೂ ಕಡೆಯವರು ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ, ಫೀಸಿನ ಮೀಟರ್ ಓಡುತ್ತಲೇ ಇರುತ್ತದೆ.