ಹಳೇ ಮೌಂಟನ್ ಬೈಕ್‌ಗೆ ಹಿಂದಿನ ಡಿಸ್ಕ್ ಬ್ರೇಕ್: ಮೊದಲು ನೋಡಬೇಕಾದ್ದು ಫ್ರೇಮ್

ಹಳೇ ಮೌಂಟನ್ ಬೈಕ್ ತಂದು ನಿಲ್ಲಿಸಿ, "ಅಣ್ಣಾ, ಹಿಂದಕ್ಕೂ ಒಂದು ಡಿಸ್ಕ್ ಹಾಕಿಕೊಡಿ" ಅಂತ ಕೇಳುವವರು ಮೈಸೂರಿನ ನನ್ನ ಸೈಕಲ್ ಅಂಗಡಿಗೆ ಆಗಾಗ ಬರುತ್ತಾರೆ. ಹೆಚ್ಚಿನವರು ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗುವ ಹುಡುಗರು. ಮಳೆಯಲ್ಲಿ ಇಳಿಯುವಾಗ ಒದ್ದೆ ರಿಮ್ ಮೇಲೆ ಬ್ರೇಕ್ ರಬ್ಬರ್ ಜಾರಿ, ತಿರುವಿನಲ್ಲಿ ಜೀವ ಬಾಯಿಗೆ ಬಂದಿರುತ್ತದೆ. ಆಮೇಲೆ ಅವರಿಗೆ ಡಿಸ್ಕ್ ಬೇಕೇ ಬೇಕು. ಆ ಆಸೆ ತಪ್ಪಲ್ಲ. ಮಳೆಯಲ್ಲಿ, ಕೆಸರಲ್ಲಿ ಡಿಸ್ಕ್ ನಿಜವಾಗಿಯೂ ಒಳ್ಳೆಯದು.

ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕ್ಯಾಲಿಪರ್, ಅಂದರೆ ಡಿಸ್ಕ್ ಪ್ಲೇಟನ್ನು ಪ್ಯಾಡಿನಿಂದ ಅಮುಕಿ ಹಿಡಿಯುವ ಭಾಗ, ಎಲ್ಲಿ ಕೂರಿಸೋದು? ಈ ಕೆಲಸ ಮಾಡ್ತಾ ಮಾಡ್ತಾ ನನಗೆ ಮನದಟ್ಟಾಗಿರುವುದು ಬೇರೆ. ಕ್ಯಾಲಿಪರ್ ಕೂರಿಸೋಕೆ ಜಾಗ ಹೇಗೋ ಮಾಡಬಹುದು. ಬ್ರೇಕ್ ಹಿಡಿದಾಗ ಆ ಜೋರೆಲ್ಲ ಫ್ರೇಮಿನ ಯಾವ ಪೈಪಿಗೆ ಹೋಗುತ್ತದೆ, ಆ ಪೈಪು ಅದನ್ನು ತಡೆಯುತ್ತದಾ ಅನ್ನುವುದನ್ನು ಮೊದಲು ನೋಡಬೇಕು.

ಸ್ವಲ್ಪ ಲೆಕ್ಕ ಹಾಕೋಣ. 26 ಇಂಚಿನ ಚಕ್ರದಲ್ಲಿ ಆಕ್ಸಲ್‌ನಿಂದ ನೆಲಕ್ಕೆ ಸುಮಾರು 33 ಸೆಂಟಿಮೀಟರ್. ರಿಮ್ ಬ್ರೇಕಿನ ರಬ್ಬರ್ ಒತ್ತುವುದು ಆಕ್ಸಲ್‌ನಿಂದ ಸುಮಾರು 27 ಸೆಂಟಿಮೀಟರ್ ದೂರದಲ್ಲಿ. 160 ಮಿಲಿಮೀಟರ್ ಡಿಸ್ಕ್ ಪ್ಲೇಟಿನಲ್ಲಿ ಪ್ಯಾಡ್ ಒತ್ತುವುದು ಬರೀ 7 ಸೆಂಟಿಮೀಟರ್ ದೂರದಲ್ಲಿ. ಈಗ ಟೈರು ನೆಲವನ್ನು 20 ಕೆಜಿ ಜೋರಿನಲ್ಲಿ ಹಿಡಿಯಿತು ಅಂತ ಇಟ್ಟುಕೊಳ್ಳಿ. ರಿಮ್ ಬ್ರೇಕ್ ಆದರೆ ಫ್ರೇಮಿಗೆ ಬರುವುದು 25 ಕೆಜಿಯ ಆಸುಪಾಸು. ಅದೂ ಎಡ ಬಲ ಎರಡೂ ಪೈಪಿಗೆ ಹಂಚಿಹೋಗುತ್ತದೆ. ಡಿಸ್ಕ್ ಆದರೆ 90 ಕೆಜಿ ದಾಟುತ್ತದೆ, ಅಷ್ಟೂ ಎಡಗಡೆ ಒಂದೇ ಮೂಲೆಗೆ. ಹಾರೆ ಹಾಕಿ ಮೀಟಿದ ಹಾಗೆ. ಹಳೇ ಫ್ರೇಮಿನಲ್ಲಿ ಸೀಟಿನಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಪೈಪ್ ಇದೆಯಲ್ಲ, ಸೀಟ್ ಸ್ಟೇ, ಅದು ಈ ಕೆಲಸಕ್ಕೆ ಅಂತ ಮಾಡಿದ್ದಲ್ಲ. ಸಣ್ಣ ಪೈಪು, ಗೋಡೆಯ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಹೊಸ ಡಿಸ್ಕ್ ಫ್ರೇಮುಗಳನ್ನು ಗಮನಿಸಿ ನೋಡಿ. ಎಡ ಮೂಲೆಯನ್ನು ಗಟ್ಟಿಮಾಡಿರುತ್ತಾರೆ. ಎಷ್ಟೋ ಫ್ರೇಮುಗಳಲ್ಲಿ ಮೇಲಿನ ಈ ಸೀಟ್ ಸ್ಟೇಗೂ ಪೆಡಲ್ ಕಡೆಯಿಂದ ಆಕ್ಸಲ್‌ಗೆ ಬರುವ ಕೆಳಗಿನ ಪೈಪಿಗೂ ನಡುವೆ ಒಂದು ಸಣ್ಣ ಅಡ್ಡ ಪೈಪ್ ಕೊಟ್ಟಿರುತ್ತಾರೆ. ಅದು ಅಂದಕ್ಕೆ ಹಾಕಿದ್ದಲ್ಲ.

ಹಾಗಾಗಿ ಬೈಕ್ ಬಂದ ತಕ್ಷಣ ನಾನು ಮೊದಲು ಎತ್ತಿಕೊಳ್ಳುವುದು ಸ್ಪ್ಯಾನರ್ ಅಲ್ಲ, ಮ್ಯಾಗ್ನೆಟ್. ಅಂಟಿಕೊಂಡರೆ ಉಕ್ಕು, ಮಾತು ಮುಂದುವರಿಸಬಹುದು. ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ, ಅಲ್ಲಿಗೆ ಕ್ಯಾಲಿಪರ್ ಹಿಡಿಯುವ ಪಟ್ಟಿಯನ್ನು ಫ್ರೇಮಿಗೆ ವೆಲ್ಡ್ ಮಾಡುವ ಮಾತು ಬಂದ್.

ಮಂಡ್ಯದಿಂದ ಬಂದ ಒಬ್ಬ ಇಂಜಿನಿಯರಿಂಗ್ ಹುಡುಗ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಫ್ರೇಮಿನ ಮೇಲೆ 6061 ಅಂತ ಸ್ಟಿಕ್ಕರ್ ಇತ್ತು. "ಅಣ್ಣಾ, ಅಲ್ಯೂಮಿನಿಯಂ ವೆಲ್ಡ್ ಮಾಡೋರು ಎಷ್ಟೊಂದು ಜನ ಇದ್ದಾರೆ. ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ರೆ ಆಯ್ತಲ್ವಾ?" ಅಂದ.

"ವೆಲ್ಡ್ ಆಗುತ್ತಪ್ಪಾ, ಬೇಡ ಅನ್ನಲ್ಲ. ಆದ್ರೆ ಪಕ್ಕದ ಪೈಪ್ ಮೆತ್ತಗಾಗುತ್ತೆ" ಅಂದೆ.

ಅವನಿಗೆ ಬಿಡಿಸಿ ಹೇಳಿದೆ. 6061 ಅಲ್ಯೂಮಿನಿಯಂಗೆ ಗಟ್ಟಿತನ ಬರುವುದೇ ಕಾಯಿಸುವ ರೀತಿಯಿಂದ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮುಗಿದ ಮೇಲೆ ಇಡೀ ಫ್ರೇಮನ್ನು 530 ಡಿಗ್ರಿ ಆಸುಪಾಸಿಗೆ ಕಾಯಿಸಿ, ತಟ್ಟನೆ ತಣ್ಣಗೆ ಮಾಡಿ, ಆಮೇಲೆ 160ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಟಿ6 ಅನ್ನುವುದು ಇದಕ್ಕೇ. ನಾವು ಮತ್ತೆ ಒಂದು ಕಡೆ ವೆಲ್ಡ್ ಮಾಡಿದರೆ ಅಲ್ಲಿ ಸುತ್ತಮುತ್ತ ಆ ಗಟ್ಟಿತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೋಡೋಕೆ ವೆಲ್ಡ್ ಚೆನ್ನಾಗೇ ಇರುತ್ತದೆ, ಬಣ್ಣ ಹೊಡೆದರೆ ಗೊತ್ತೂ ಆಗುವುದಿಲ್ಲ. 90 ಕೆಜಿ ಬೀಳುವುದು ಮಾತ್ರ ಸರಿಯಾಗಿ ಆ ಮೆತ್ತಗಾದ ಜಾಗಕ್ಕೇ. ಹುಡುಗ ಅರ್ಥ ಮಾಡಿಕೊಂಡ. ಅವನ ವಿ-ಬ್ರೇಕಿಗೆ, ಅಂದರೆ ರಿಮ್ ಹಿಡಿಯುವ ಹಳೇ ಬ್ರೇಕಿಗೆ, ಹೊಸ ಕೇಬಲ್, ಹೊಸ ಹೊರಕವಚ, ಒಳ್ಳೆ ರಬ್ಬರ್ ಹಾಕಿ, ರಿಮ್ ಬೆಂಡ್ ತೆಗೆದು, ಜಿಡ್ಡು ಒರೆಸಿ ಕೊಟ್ಟೆ. ಇಷ್ಟರಲ್ಲೇ ಬ್ರೇಕ್ ಎಷ್ಟು ಬದಲಾಗುತ್ತದೆ ಅನ್ನುವುದು ಮಾಡಿಸಿಕೊಂಡವರಿಗೇ ಗೊತ್ತು.

ವೆಲ್ಡಿಂಗ್ ಇಲ್ಲದೆ ಕೂರಿಸುವ ಅಡಾಪ್ಟರ್‌ಗಳೂ ಸಿಗುತ್ತವೆ. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಕ್ಲ್ಯಾಂಪ್ ಮೂಲಕ ಪೈಪಿಗೆ. ಊರೊಳಗೆ ನಿಧಾನವಾಗಿ ಓಡಿಸುವ ಉಕ್ಕಿನ ಬೈಕಿಗೆ ಪರವಾಗಿಲ್ಲ. ಆದರೆ ಕ್ಲ್ಯಾಂಪ್ ತೆಳು ಪೈಪನ್ನು ಒಂದೇ ಜಾಗದಲ್ಲಿ ಅಮುಕುತ್ತದೆ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಹೊಂದಾಣಿಕೆ ಅಲುಗುವುದೂ ಉಂಟು. ಬೆಟ್ಟ ಇಳಿಯುವವರಿಗೆ ನಾನು ಅದನ್ನು ಹಾಕಿಕೊಡುವುದಿಲ್ಲ.

ಇನ್ನು ಉಕ್ಕಿನ ಫ್ರೇಮ್. ಇದು ನನಗೆ ತುಂಬ ಇಷ್ಟದ ಕೆಲಸ.

ಮೊದಲು ವರ್ನಿಯರ್ ಹಿಡಿದು ಹಿಂದಿನ ಆಕ್ಸಲ್ ಕೂರುವ ಎರಡು ಸೀಳುಗಳ ನಡುವಿನ ಅಂತರ ಅಳೆಯುತ್ತೇನೆ. ಸ್ಕ್ರೂ ಆಕ್ಸಲ್, ಕ್ವಿಕ್ ರಿಲೀಸ್ ಇರುವ ಮೌಂಟನ್ ಬೈಕ್ ಡಿಸ್ಕ್ ಹಬ್‌ಗಳು (ಚಕ್ರದ ನಡುವಿನ ಭಾಗ) ಸಾಮಾನ್ಯವಾಗಿ 135 ಮಿಲಿಮೀಟರ್. ಫ್ರೇಮ್ 130 ಇದ್ದರೆ ಉಕ್ಕನ್ನು ಎರಡೂ ಕಡೆ ಎರಡೂವರೆ ಮಿಲಿಮೀಟರ್ ಹಿಗ್ಗಿಸಬಹುದು. ಸಮವಾಗಿ ಹಿಗ್ಗಿದೆಯಾ ಅಂತ ನೋಡೋಕೆ ದಾರ ಸಾಕು. ಒಂದು ಸೀಳಿನಿಂದ ಹ್ಯಾಂಡಲ್ ಕೆಳಗಿನ ಪೈಪನ್ನು ಸುತ್ತಿಸಿ ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟುತ್ತೇನೆ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಒಂದೇ ಅಳತೆ ಬರಬೇಕು. ಆಮೇಲೆ ಡಿಸ್ಕ್ ಪ್ಲೇಟ್ ಇರುವ ಚಕ್ರ ಕೂರಿಸಿ, ಎಡಗಡೆ ಪೈಪಿಗೆ ಪ್ಲೇಟ್ ತಾಗುತ್ತದಾ ನೋಡುತ್ತೇನೆ. ಎಷ್ಟೋ ಫ್ರೇಮುಗಳು ಇಲ್ಲೇ ನಿಂತುಹೋಗುತ್ತವೆ. ಸೀಳು ಅಡ್ಡಕ್ಕೆ ಉದ್ದವಾಗಿದ್ದು ಚಕ್ರ ಹಿಂದೆ ಮುಂದೆ ಸರಿಯುವ ಹಾಗಿದ್ದರೂ ಕಷ್ಟ. ಚಕ್ರ ಸರಿದ ಹಾಗೆಲ್ಲ ಪ್ಲೇಟಿನ ಮೇಲೆ ಪ್ಯಾಡ್ ಕೂರುವ ಜಾಗ ಬದಲಾಗುತ್ತದೆ.

ಕ್ಯಾಲಿಪರ್ ಹಿಡಿಯುವ ಪಟ್ಟಿಗೆ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಅಳತೆ ಇಟ್ಟುಕೊಳ್ಳುತ್ತೇನೆ. ಎರಡು ತೂತು, ನಡುವೆ 51 ಮಿಲಿಮೀಟರ್, ಎಂ6 ಬೋಲ್ಟ್. ಪೋಸ್ಟ್ ಮೌಂಟ್ ಅನ್ನುವ ಇನ್ನೊಂದು ಬಗೆಯಲ್ಲಿ ಬೋಲ್ಟುಗಳ ನಡುವೆ 74 ಮಿಲಿಮೀಟರ್. ಆ ಕ್ಯಾಲಿಪರ್ ಇದ್ದರೆ ನಡುವೆ ಅಡಾಪ್ಟರ್ ಹಾಕಿದರಾಯಿತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ಪ್ಲೇಟಿನಿಂದ ಪಟ್ಟಿ ಕತ್ತರಿಸಿಕೊಡುತ್ತಾರೆ.

ಕೂರಿಸುವ ಕೆಲಸ ಮಾತ್ರ ಮಂಡಿ ಮೊಹಲ್ಲಾದ ಗ್ಯಾಸ್ ವೆಲ್ಡಿಂಗ್ ಭಾಯ್ ಅವರದು. ಇಷ್ಟು ತೆಳು ಪೈಪಿಗೆ ಅವರು ಕರೆಂಟಿನ ಆರ್ಕ್ ವೆಲ್ಡಿಂಗ್ ಮುಟ್ಟಿಸುವುದಿಲ್ಲ. "ತೂತು ಬಿದ್ರೆ ಏನ್ಮಾಡ್ತೀರಿ?" ಅನ್ನುತ್ತಾರೆ. ಹಿತ್ತಾಳೆ ಹಾಕುತ್ತಾರೆ. ಬಣ್ಣ ಪೂರ್ತಿ ಉಜ್ಜಿ, ಲೋಹ ಬೆಳ್ಳಗೆ ಕಾಣುವ ತನಕ ಎಮರಿ ಹಾಕಿ, ಬಿಳಿಗಾರ ಉದುರಿಸಿ, ಉಕ್ಕು ಕೆಂಪಗಾಗುವ ತನಕ ಕಾಯಿಸುತ್ತಾರೆ. ಹಿತ್ತಾಳೆ ಕಡ್ಡಿ 900 ಡಿಗ್ರಿ ಆಸುಪಾಸಿನಲ್ಲಿ ಕರಗಿ ಸಂದಿಯೊಳಕ್ಕೆ ತಾನೇ ಎಳೆದುಕೊಂಡು ಹೋಗುತ್ತದೆ. ಉಕ್ಕು ಕರಗುವುದಕ್ಕೆ ಇನ್ನೂ ನೂರಾರು ಡಿಗ್ರಿ ಬೇಕು, ಹಾಗಾಗಿ ಪೈಪ್ ಉಳಿಯುತ್ತದೆ.

ಅವರ ಹತ್ತಿರ ನಾನು ಕಲಿತ ಮುಖ್ಯ ವಿಷಯ ಒಂದಿದೆ. ಬಿಸಿಯಾದ ಜಾಗ ಆರುವಾಗ ಪಟ್ಟಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪಟ್ಟಿ ಒಂದು ಕೂದಲೆಳೆ ವಾಲಿದರೂ ಕ್ಯಾಲಿಪರ್ ಓರೆಯಾಗಿ ಕೂತು, ಪ್ಯಾಡ್ ಒಂದೇ ಕಡೆ ಸವೆಯುತ್ತದೆ. ಅದಕ್ಕೆ ಫ್ರೇಮಿನಲ್ಲಿ ಗುಜರಿ ಹಬ್ ಒಂದನ್ನು ಡಿಸ್ಕ್ ಪ್ಲೇಟ್ ಸಮೇತ ಬಿಗಿಯುತ್ತೇವೆ. ಕ್ಯಾಲಿಪರ್ ಹಾಕಿ ಜಾಗ ಗುರುತು ಮಾಡಿ, ಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ಕ್ಯಾಲಿಪರ್ ಬಿಚ್ಚಿಡುತ್ತೇವೆ. ಮೊದಲು ಎರಡೇ ಚುಕ್ಕೆ ಹಿತ್ತಾಳೆ. ಅದು ತಾನಾಗಿ ಆರಬೇಕು, ನೀರು ಹಾಕುವಂತಿಲ್ಲ. ಮತ್ತೆ ಕ್ಯಾಲಿಪರ್ ಹಾಕಿ, ಪ್ಲೇಟಿನ ಎರಡೂ ಬದಿ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತೇವೆ. ಎರಡೂ ಕಡೆ ಒಂದೇ ಬಿಗಿಯಲ್ಲಿ ಜಾರಿದರೆ ಮುಂದಿನ ಕೆಲಸ. ಇಲ್ಲದಿದ್ದರೆ ಚುಕ್ಕೆ ಕರಗಿಸಿ ಮತ್ತೆ ಕೂರಿಸುವುದು. ಪಟ್ಟಿ ಕೂತ ಮೇಲೆ ಮೇಲಿನ ಪೈಪಿನಿಂದ ಕೆಳಗಿನ ಪೈಪಿಗೆ ಅಡ್ಡ ಪೈಪ್ ಹಾಕಲೇಬೇಕು. ಅದಿಲ್ಲದೆ ನಾನು ಬೈಕ್ ವಾಪಸ್ ಕೊಡುವುದಿಲ್ಲ.

ಚಕ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೇ ಹಬ್ ಬರುವುದಿಲ್ಲ, ಡಿಸ್ಕ್ ಹಬ್ ಬೇಕು. ಚಕ್ರದ ಕಡ್ಡಿಗಳೂ (ಸ್ಪೋಕ್) ಸಾಮಾನ್ಯವಾಗಿ ಹೊಸವೇ ಬೇಕಾಗುತ್ತವೆ, ಉದ್ದ ಬದಲಾಗುತ್ತದೆ. ರಿಮ್ ಚೆನ್ನಾಗಿದ್ದು, ಕಡ್ಡಿ ತೂತಿನ ಲೆಕ್ಕ ಹೊಸ ಹಬ್‌ಗೆ ಹೊಂದಿದರೆ ಅದನ್ನೇ ಉಳಿಸಿಕೊಳ್ಳಬಹುದು. ವಿ-ಬ್ರೇಕ್ ಲಿವರ್ ಇದ್ದರೆ ಅದೇ ಸಾಕು. ಆದರೆ ಕೇಬಲ್ ಎಳೆಯುವ ಡಿಸ್ಕ್ ಕ್ಯಾಲಿಪರ್ ಕೊಳ್ಳುವಾಗ ಮೌಂಟನ್ ಬೈಕಿನದು ಅಂತ ಕೇಳಿ ತಗೊಳ್ಳಿ. ರೋಡ್ ಬೈಕಿನದು ಕಡಿಮೆ ಕೇಬಲ್ ಎಳೆತಕ್ಕೆ ಮಾಡಿದ್ದು.

ಇಷ್ಟೆಲ್ಲ ಖರ್ಚು ಹೇಳಿದ ಮೇಲೆ ನಾನು ಇನ್ನೊಂದು ಮಾತನ್ನೂ ಹೇಳುತ್ತೇನೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಬೈಕ್ ನಿಲ್ಲಿಸುವ ಕೆಲಸ ಹೆಚ್ಚಾಗಿ ಮುಂದಿನ ಚಕ್ರದ್ದೇ. ಡಿಸ್ಕ್ ಕ್ಯಾಲಿಪರ್ ಕೂರುವ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಹಾಕಿಸಿ ಮುಂದೆ ಡಿಸ್ಕ್, ಹಿಂದೆ ಒಳ್ಳೆ ವಿ-ಬ್ರೇಕ್ ಇಟ್ಟುಕೊಂಡರೆ ಫ್ರೇಮಿಗೆ ಬೆಂಕಿ ಮುಟ್ಟಿಸುವ ಅಗತ್ಯವೇ ಇರುವುದಿಲ್ಲ. ಫೋರ್ಕ್ ಉದ್ದ ಮಾತ್ರ ಹಳೆಯದಕ್ಕೆ ಹತ್ತಿರ ಇರಬೇಕು. ಜಾಸ್ತಿ ಉದ್ದ ಆದರೆ ಹ್ಯಾಂಡಲ್ ಎತ್ತರವಾಗಿ ಬೈಕ್ ತಿರುಗುವ ರೀತಿಯೇ ಬದಲಾಗುತ್ತದೆ. ಅರ್ಧ ಜನ ಇದಕ್ಕೇ ಒಪ್ಪುತ್ತಾರೆ, ನನಗೂ ಸಮಾಧಾನ.

ಹಿಂದೆಯೇ ಬೇಕು ಅಂದವರಿಗೆ ಬೈಕ್ ಕೊಡುವಾಗ ಕ್ಯಾಲಿಪರ್ ಬೋಲ್ಟುಗಳನ್ನು 6ರಿಂದ 8 ನ್ಯೂಟನ್ ಮೀಟರ್‌ಗೆ ಬಿಗಿದು, ಪ್ಲೇಟಿಗೆ ಎಣ್ಣೆ ಕೈ ಮುಟ್ಟಿಸಬೇಡಿ ಅಂತ ಹೇಳಿ ಕಳಿಸುತ್ತೇನೆ. ಹೊಸ ಪ್ಯಾಡ್ ಮೊದಲ ದಿನವೇ ಕಚ್ಚುವುದಿಲ್ಲ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಚಕ್ರ ಲಾಕ್ ಮಾಡದೆ ನಡಿಗೆ ವೇಗಕ್ಕೆ ಇಳಿಸಬೇಕು. ಹೀಗೆ ಇಪ್ಪತ್ತು ಸಲ ಮಾಡಿದ ಮೇಲೆ ಬೆಟ್ಟದ ಕಡೆ ಹೊರಡಬಹುದು. ಹಿತ್ತಾಳೆ ಹಾಕಿದ ಜಾಗಕ್ಕೆ ನಾನು ಬೇಕಂತಲೇ ಬಿಳಿ ಬಣ್ಣ ಹೊಡೆಯುತ್ತೇನೆ, ಫ್ರೇಮ್ ಯಾವ ಬಣ್ಣದ್ದೇ ಇರಲಿ. ಪೈಪಿನಲ್ಲಿ ಬಿರುಕು ಬಿಟ್ಟರೆ ಬಿಳಿ ಮೇಲೆ ತುಕ್ಕಿನ ಗೆರೆ ಬೇಗ ಕಾಣುತ್ತದೆ. ತೊಳೆದಾಗಲೆಲ್ಲ ಆ ಜಾಗ ಒಮ್ಮೆ ನೋಡಿ, ಗೆರೆ ಕಂಡರೆ ಓಡಿಸದೆ ತಳ್ಳಿಕೊಂಡು ಬನ್ನಿ ಅನ್ನುತ್ತೇನೆ.