ನಗು ನಿಲ್ಲುವ ಜಾಗ: ಜೊನಾಥನ್ ಕೋ ಅವರ ಕಾದಂಬರಿಗಳನ್ನು ಓದುತ್ತಾ

ಬರ್ಮಿಂಗ್‌ಹ್ಯಾಮ್ ನಗರದ ಹೊರಬಡಾವಣೆಗಳನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಮರಳುವ 11ನೇ ನಂಬರಿನ ಬಸ್ಸು ಆ ಊರಿನವರಿಗೆಲ್ಲ ಬಹುಕಾಲದಿಂದ ಪರಿಚಿತ. ಜೊನಾಥನ್ ಕೋ ಅವರು 2015ರಲ್ಲಿ ಪ್ರಕಟಿಸಿದ ‘ನಂಬರ್ 11’ ಕಾದಂಬರಿಯಲ್ಲಿ ವ್ಯಾಲ್ ಎಂಬ ಹೆಂಗಸು ಚಳಿಗಾಲದ ದಿನಗಳಲ್ಲಿ ಈ ಬಸ್ಸನ್ನು ಹತ್ತಿ ಕೂರುತ್ತಾಳೆ. ಅವಳು ಎಲ್ಲಿಗೂ ಹೋಗಬೇಕಾಗಿಲ್ಲ. ಒಂದು ಕಾಲದಲ್ಲಿ ಒಂದೇ ಒಂದು ಹಾಡಿನಿಂದ ಹೆಸರು ಮಾಡಿ ಆಮೇಲೆ ಎಲ್ಲರ ನೆನಪಿನಿಂದ ಜಾರಿಹೋದ ಅವಳಿಗೆ ಈಗಿರುವುದು ಗ್ರಂಥಾಲಯದ ಒಂದು ಸಣ್ಣ ಕೆಲಸ. ಸರ್ಕಾರ ಖರ್ಚು ಕಡಿತಗೊಳಿಸಿದ ಮೇಲೆ ಅದರ ಗಂಟೆಗಳೂ ಇಳಿದಿವೆ, ಮನೆಯಲ್ಲಿ ಹೀಟರ್ ಹಚ್ಚಿದರೆ ಬರುವ ಬಿಲ್ಲನ್ನು ಕಟ್ಟುವ ಶಕ್ತಿ ಅವಳಿಗಿಲ್ಲ. ಬಸ್ಸಿನೊಳಗೆ ಬೆಚ್ಚಗಿರುತ್ತದೆ. ಆದ್ದರಿಂದ ಅವಳು ಟಿಕೆಟ್ ಪಡೆದು ಕಿಟಕಿಯ ಪಕ್ಕ ಕೂತು ಊರನ್ನು ಸುತ್ತುತ್ತಾಳೆ.

ಕೋ ಅವರನ್ನು ಬ್ರಿಟನ್ನಿನ ಇಂದಿನ ಪ್ರಮುಖ ವಿಡಂಬನಕಾರ ಎಂದು ಪರಿಚಯಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಅವರ ಪುಸ್ತಕಗಳನ್ನು ಒಂದರ ನಂತರ ಒಂದರಂತೆ ಓದಿದ ನನಗೆ ಉಳಿದಿರುವುದು ನಗಿಸಿದ ಪುಟಗಳಿಗಿಂತ ಈ ಬಸ್ಸಿನಂತಹ ಪುಟಗಳು. ನಗಿಸುತ್ತಾ ನಮ್ಮನ್ನು ಒಂದು ಬಾಗಿಲಿನವರೆಗೆ ಕರೆತಂದು, ಅಲ್ಲಿ ತಾವೂ ನಗುವುದನ್ನು ನಿಲ್ಲಿಸಿಬಿಡುವ ಲೇಖಕರು ಅವರು. ಕನ್ನಡದಲ್ಲಿ ನಾವು ಲೇವಡಿಯ ಬರವಣಿಗೆಗೂ ವಿಡಂಬನೆ ಎನ್ನುತ್ತೇವೆ, ಮನುಷ್ಯನ ಪಾಡನ್ನು ಕಂಡು ‘ವಿಧಿಯ ವಿಡಂಬನೆ’ ಎಂದು ನಿಟ್ಟುಸಿರನ್ನೂ ಬಿಡುತ್ತೇವೆ. ಈ ಎರಡು ಅರ್ಥಗಳೂ ಒಂದೇ ಪುಟದಲ್ಲಿ ಸಿಗುವುದು ಇವರ ಬರವಣಿಗೆಯಲ್ಲಿ.

1961ರಲ್ಲಿ ಬರ್ಮಿಂಗ್‌ಹ್ಯಾಮ್ ಸಮೀಪದ ಬ್ರಾಮ್ಸ್‌ಗ್ರೋವ್‌ನಲ್ಲಿ ಹುಟ್ಟಿದ ಕೋ ಆ ನಗರದ ಕಿಂಗ್ ಎಡ್ವರ್ಡ್ಸ್ ಶಾಲೆಯಲ್ಲಿ, ಅನಂತರ ಕೇಂಬ್ರಿಜ್‌ನಲ್ಲಿ ಓದಿ, ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಹದಿನೆಂಟನೆಯ ಶತಮಾನದ ಹೆನ್ರಿ ಫೀಲ್ಡಿಂಗ್‌ನ ‘ಟಾಮ್ ಜೋನ್ಸ್’ ಹಾಗೂ ಇತರ ಹಾಸ್ಯ ಕಾದಂಬರಿಗಳ ಮೇಲೆ ಪಿಎಚ್.ಡಿ. ಮಾಡಿದರು. ಆ ಪ್ರಬಂಧದ ಶೀರ್ಷಿಕೆ ಶುರುವಾಗುವುದೇ ವಿಡಂಬನೆ ಮತ್ತು ಸಹಾನುಭೂತಿ ಎಂಬ ಎರಡು ಪದಗಳಿಂದ. ಇಪ್ಪತ್ತರ ಹರೆಯದಲ್ಲಿ ಕೈಗೆತ್ತಿಕೊಂಡ ಆ ಜೋಡಿಯನ್ನು ಅವರು ಇಂದಿಗೂ ಕೆಳಗಿಟ್ಟಿಲ್ಲವೆಂದು ನನಗೆ ತೋರುತ್ತದೆ.

ಅವರಿಗೆ ದೊಡ್ಡ ಹೆಸರು ತಂದುಕೊಟ್ಟದ್ದು 1994ರ ‘ವಾಟ್ ಎ ಕಾರ್ವ್ ಅಪ್!’ ಇದು ಮಾರ್ಗರೆಟ್ ಥ್ಯಾಚರ್ ಕಾಲದ ಬ್ರಿಟನ್ನಿನ ಕಥೆ. ಯಾರ್ಕ್‌ಶೈರಿನ ವಿನ್‌ಶಾ ಎಂಬ ಸಿರಿವಂತ ಮನೆತನದ ಒಬ್ಬೊಬ್ಬರು ದೇಶದ ಒಂದೊಂದು ಅಂಗವನ್ನು ಹಂಚಿಕೊಂಡು ತಿನ್ನುತ್ತಿರುತ್ತಾರೆ. ಹಿಲರಿ ಪತ್ರಿಕೆಯ ಅಂಕಣಗಾರ್ತಿ, ಹೆನ್ರಿ ರಾಜಕಾರಣಿ, ಡೊರೊಥಿ ಕೋಳಿ ಮತ್ತು ಜಾನುವಾರುಗಳನ್ನು ಯಂತ್ರಗಳಂತೆ ಸಾಕಿಸುವ ಉದ್ಯಮಿ, ಥಾಮಸ್ ಬ್ಯಾಂಕರ್, ರಾಡಿ ಚಿತ್ರಕಲೆಯ ವ್ಯಾಪಾರಿ, ಮಾರ್ಕ್ ಸದ್ದಾಂ ಹುಸೇನನ ಇರಾಕಿಗೆ ಶಸ್ತ್ರಾಸ್ತ್ರ ಮಾರುವವನು. ಈ ಮನೆತನದ ಚರಿತ್ರೆ ಬರೆಯಲು ನೇಮಕಗೊಂಡ ಮೈಕೆಲ್ ಓವೆನ್ ಎಂಬ ಬರಹಗಾರ, ಬಾಲ್ಯದ ಹುಟ್ಟುಹಬ್ಬದಂದು ಪೂರ್ತಿ ನೋಡಲಾಗದೆ ಹೋದ ಒಂದು ಹಳೆಯ ಹಾಸ್ಯಚಿತ್ರದ ಗುಂಗಿನಲ್ಲೇ ಬೆಳೆದವನು. 1961ರ ಆ ಚಿತ್ರದ ಹೆಸರೇ ಕಾದಂಬರಿಗೂ ಹೆಸರು. ಕೊನೆಯಲ್ಲಿ ಆ ಚಿತ್ರದ ಧಾಟಿಯಲ್ಲೇ ವಿನ್‌ಶಾಗಳ ಹಳೆಯ ಬಂಗಲೆಯಲ್ಲಿ ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ, ಪ್ರತಿಯೊಬ್ಬರ ಸಾವೂ ಅವರವರ ಕಸುಬಿಗೆ ತಕ್ಕಂತೆ ಇರುತ್ತದೆ. ಈ ಭಾಗದಲ್ಲಿ ಓದುಗರು ನಗುತ್ತಾರೆ, ನಾನೂ ನಕ್ಕಿದ್ದೇನೆ. ವಿನ್‌ಶಾಗಳಿಗೆ ಒಳಮನಸ್ಸೇ ಇಲ್ಲ, ಅವರು ವ್ಯಂಗ್ಯಚಿತ್ರದ ಗೆರೆಗಳಂತಿದ್ದಾರೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ, ಅದು ನಿಜವೂ ಹೌದು. ಆದರೆ ಒಳಮನಸ್ಸಿರುವವರನ್ನು ಕೋ ಬೇರೆ ಕಡೆ ಇಟ್ಟಿದ್ದಾರೆ.

ಮೈಕೆಲ್ ವರ್ಷಗಟ್ಟಲೆ ಯಾರೊಡನೆಯೂ ಮಾತಾಡದೆ ಲಂಡನ್ನಿನ ತನ್ನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡಿರುವಾಗ ಫಿಯೋನಾ ಎಂಬ ನೆರೆಮನೆಯವಳು ಒಂದು ಧರ್ಮಕಾರ್ಯದ ಸೈಕಲ್ ಯಾತ್ರೆಗೆ ಹಣ ಕೇಳಲು ಬಂದು ಬಾಗಿಲು ತಟ್ಟುತ್ತಾಳೆ. ಅಲ್ಲಿಂದ ನಿಧಾನವಾಗಿ, ಬಹಳ ಸಂಕೋಚದಿಂದ, ಒಂದು ಸ್ನೇಹ ಬೆಳೆಯುತ್ತದೆ. ಅವಳಿಗೆ ಕಾಯಿಲೆ. ಆಸ್ಪತ್ರೆಯ ತಪಾಸಣೆಯ ದಿನ ಮುಂದೆ ಹೋಗುತ್ತದೆ, ಸರದಿ ಬರುವುದು ತಡವಾಗುತ್ತದೆ, ಕಡೆಗೆ ಸೇರಿಸಿಕೊಳ್ಳಬೇಕಾದ ರಾತ್ರಿ ಹಾಸಿಗೆ ಸಿಗುವುದಿಲ್ಲ, ಕೊಡಬೇಕಾದ ಔಷಧಿ ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲ. ಅವಳು ಸಾಯುತ್ತಾಳೆ. ಅದಕ್ಕೆ ಎಷ್ಟೋ ಪುಟ ಮೊದಲು ಹೆನ್ರಿಯ ದಿನಚರಿಯಲ್ಲಿ ಸರ್ಕಾರಿ ಆರೋಗ್ಯ ಸೇವೆಯನ್ನು ವ್ಯಾಪಾರದ ಲೆಕ್ಕಕ್ಕೆ ಹೊಂದಿಸುವ ಮಾತುಗಳನ್ನು ಓದಿ ನಾವು ನಕ್ಕಿರುತ್ತೇವೆ. ಆ ನಗುವಿನ ಬೆಲೆ ಎಷ್ಟೆಂಬುದು ಫಿಯೋನಾಳ ಮಂಚದ ಬಳಿ ತಿಳಿಯುತ್ತದೆ. ಸಂಸಾರದ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆದವರು ಈ ಪುಟಗಳನ್ನು ಸುಲಭವಾಗಿ ದಾಟಲಾರರು. ನಾನು ಎರಡನೆಯ ಬಾರಿ ಓದುವಾಗ ಮುಂದೇನಾಗುವುದೆಂದು ಗೊತ್ತಿದ್ದೂ ಅಲ್ಲಿ ಪುಸ್ತಕ ಮುಚ್ಚಿಟ್ಟು, ಮರುದಿನ ತೆರೆದೆ.

2013ರಲ್ಲಿ ಕೋ ‘ಲಂಡನ್ ರಿವ್ಯೂ ಆಫ್ ಬುಕ್ಸ್’ ಪತ್ರಿಕೆಗೆ ಬರೆದ ಒಂದು ಪ್ರಬಂಧ ಅವರ ಕಾದಂಬರಿಗಳಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಬೋರಿಸ್ ಜಾನ್ಸನ್ ಅವರ ಚತುರೋಕ್ತಿಗಳ ಸಂಕಲನವೊಂದನ್ನು ವಿಮರ್ಶಿಸುವ ನೆಪದಲ್ಲಿ ಅವರು ಬ್ರಿಟನ್ನಿನ ರಾಜಕೀಯ ಹಾಸ್ಯದ ಪರಂಪರೆಯನ್ನೇ ಪ್ರಶ್ನೆಗೆ ಒಡ್ಡಿದರು. ದೂರದರ್ಶನದ ಜನಪ್ರಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಜಾನ್ಸನ್ ಅವರನ್ನು ಪೇಚಿಗೆ ಸಿಕ್ಕಿಸುವಂತಹ ಪ್ರಶ್ನೆ ಕೇಳಿದಾಗ ಅವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು, ಸಭಿಕರೊಡನೆ ಸೇರಿ ನಕ್ಕು, ಪ್ರಶ್ನೆ ಕರಗಿಹೋಗುವಂತೆ ಮಾಡಿದ್ದನ್ನು ಕೋ ವಿವರವಾಗಿ ಪರಿಶೀಲಿಸುತ್ತಾರೆ. ಎಲ್ಲ ರಾಜಕಾರಣಿಗಳೂ ಕಳ್ಳರೇ ಎಂದು ವಾರವಾರವೂ ನಗುವ ದೇಶದಲ್ಲಿ ಸಿಟ್ಟು ಎಂಬುದು ಉಳಿಯುವುದಿಲ್ಲ, ಪ್ರತಿಭಟನೆಗೆ ಬೇಕಾದ ಕಾವು ನಗೆಯಲ್ಲೇ ಖರ್ಚಾಗಿಹೋಗುತ್ತದೆ ಎಂಬುದು ಅವರ ವಾದದ ತಿರುಳು. ದೇಶ ಕಿಲಕಿಲ ನಗುತ್ತಾ ಸಮುದ್ರದಲ್ಲಿ ಮುಳುಗುತ್ತಿದೆ ಎಂಬ ಅರ್ಥದ, ಬ್ರಿಟನ್ನಿನ ಹಾಸ್ಯನಟ ಪೀಟರ್ ಕುಕ್ ಅವರ ಹೆಸರಿನೊಡನೆ ಸೇರಿಹೋದ ಒಂದು ಹಳೆಯ ಮಾತೇ ಪ್ರಬಂಧದ ಶೀರ್ಷಿಕೆ. ಆರು ವರ್ಷಗಳ ಅನಂತರ, 2019ರಲ್ಲಿ, ಜಾನ್ಸನ್ ಪ್ರಧಾನಿಯಾದರು.

ಇದನ್ನು ಹೊರಗಿನ ವಿಮರ್ಶಕರೊಬ್ಬರು ಬರೆದಿದ್ದರೆ ನಾನು ಇಷ್ಟು ವಿಚಲಿತನಾಗುತ್ತಿರಲಿಲ್ಲ. ಮೂವತ್ತರ ಹರೆಯದಲ್ಲಿ ದೇಶವನ್ನೇ ನಗಿಸಿ ಹೆಸರು ಗಳಿಸಿದ ವ್ಯಕ್ತಿ ಐವತ್ತು ದಾಟಿದ ಮೇಲೆ ತನ್ನ ಆಯುಧವನ್ನೇ ಕೈಯಲ್ಲಿ ಹಿಡಿದು, ಇದು ಯಾರಿಗಾದರೂ ತಗುಲಿತೇ, ಇಲ್ಲವೇ ತಗುಲಬೇಕಾದವರಿಗೆ ಗುರಾಣಿಯಾಯಿತೇ ಎಂದು ಬಹಿರಂಗವಾಗಿ ಕೇಳಿಕೊಂಡದ್ದು ದೊಡ್ಡ ಪ್ರಾಮಾಣಿಕತೆ. ಆ ಸಂಶಯ ‘ನಂಬರ್ 11’ರೊಳಗೂ ಹರಿದುಬಂದಿದೆ. ಅದರ ಒಂದು ಭಾಗದಲ್ಲಿ ಹಾಸ್ಯ ಕಲಾವಿದರ ಸಾವುಗಳನ್ನು ಒಬ್ಬ ಯುವ ಪೊಲೀಸ್ ಅಧಿಕಾರಿ ತನಿಖೆ ಮಾಡುತ್ತಾನೆ. ಆ ಸಾವುಗಳ ಹಿಂದಿನ ತರ್ಕ ಕೋ ಅವರ ಪ್ರಬಂಧದ ತರ್ಕಕ್ಕೆ ಬಹಳ ಹತ್ತಿರದ್ದು. ಅದೇ ಪುಸ್ತಕದಲ್ಲಿ ವ್ಯಾಲ್ ಖ್ಯಾತನಾಮರನ್ನು ಕಾಡಿನಲ್ಲಿ ಕೂಡಿಹಾಕುವ ಟಿ.ವಿ. ಕಾರ್ಯಕ್ರಮಕ್ಕೆ ಹೋಗುತ್ತಾಳೆ. ಮತ್ತೆ ಹಾಡಲು ಅವಕಾಶ ಸಿಗಬಹುದೆಂಬ ಆಸೆ ಅವಳದು. ಅಲ್ಲಿ ಅವಳ ಹೆದರಿಕೆಯೇ ಕಾರ್ಯಕ್ರಮದ ಸರಕಾಗುತ್ತದೆ, ಹೆಸರೂ ಗೊತ್ತಿಲ್ಲದ ಜನ ಜಾಲತಾಣಗಳಲ್ಲಿ ಅವಳನ್ನು ಗೇಲಿ ಮಾಡುತ್ತಾರೆ. ನಗುವ ಜನಸಮೂಹ ಯಾರ ಮೇಲೆ ತಿರುಗಿಬೀಳುತ್ತದೆ ಎಂಬುದನ್ನು ಇದಕ್ಕಿಂತ ಹತ್ತಿರದಿಂದ ತೋರಿಸಿದ ಬರಹವನ್ನು ನಾನು ಹೆಚ್ಚು ಓದಿಲ್ಲ.

ಅವರ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ ನನ್ನ ಉತ್ತರ 2001ರ ‘ದಿ ರಾಟರ್ಸ್ ಕ್ಲಬ್’. ಎಪ್ಪತ್ತರ ದಶಕದ ಬರ್ಮಿಂಗ್‌ಹ್ಯಾಮ್‌ನ ಒಂದು ಗಂಡುಮಕ್ಕಳ ಶಾಲೆ, ಲಾಂಗ್‌ಬ್ರಿಜ್‌ನ ಬ್ರಿಟಿಷ್ ಲೇಲ್ಯಾಂಡ್ ಕಾರು ಕಾರ್ಖಾನೆಯ ಮುಷ್ಕರಗಳು, ಟ್ರಾಟರ್ ಕುಟುಂಬದ ಮೂವರು ಮಕ್ಕಳು. ಈಜುವ ಚಡ್ಡಿ ಮರೆತು ಬಂದವರು ಬೆತ್ತಲೆ ಈಜಬೇಕೆಂಬ ಕ್ರೂರ ನಿಯಮವಿರುವ ಆ ಶಾಲೆಯಲ್ಲಿ ಚಡ್ಡಿ ಮರೆತ ಬೆಂಜಮಿನ್ ಟ್ರಾಟರ್ ದೇವರಲ್ಲಿ ಮೊರೆಯಿಡುತ್ತಾನೆ, ಎಲ್ಲಿಂದಲೋ ಒಂದು ಒದ್ದೆ ಚಡ್ಡಿ ಸಿಗುತ್ತದೆ, ಅಂದಿನಿಂದ ಅವನು ಆಸ್ತಿಕ. ಪುಸ್ತಕದ ಕೊನೆಯ ಭಾಗದಲ್ಲಿ ಅವನ ಮನಸ್ಸಿನ ಸಂತೋಷವನ್ನು ಹಿಡಿಯಲು ಕೋ ಬರೆದಿರುವ ಒಂದೇ ವಾಕ್ಯದಲ್ಲಿ 13,955 ಪದಗಳಿವೆ. ಇದನ್ನು ದಾಖಲೆಯ ಮಾತಾಗಿ ಹೇಳುವವರೇ ಹೆಚ್ಚು. ಹದಿಹರೆಯದ ಹುಡುಗನೊಬ್ಬ ಸುಖದ ಒಂದು ಗಳಿಗೆಯನ್ನು ಮುಗಿಯಗೊಡಬಾರದೆಂದು ಪೂರ್ಣವಿರಾಮವನ್ನೇ ತಡೆಹಿಡಿದಿದ್ದಾನೆ ಎಂದು ಓದಿದರೆ ಅದರ ಉದ್ದ ಅರ್ಥವಾಗುತ್ತದೆ.

1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್ಬುಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಇದು ಇತಿಹಾಸ. ಕಾದಂಬರಿಯಲ್ಲಿ ಆ ಪಬ್ಬುಗಳಲ್ಲೊಂದಾದ ‘ಟ್ಯಾವರ್ನ್ ಇನ್ ದ ಟೌನ್’ನ ಒಂದು ಮೇಜಿನ ಬಳಿ ಬೆಂಜಮಿನ್‌ನ ಅಕ್ಕ ಲೋಯಿಸ್ ತನ್ನ ಗೆಳೆಯ ಮ್ಯಾಲ್ಕಮ್‌ನೊಡನೆ ಕೂತಿರುತ್ತಾಳೆ. ಮದುವೆಯಾಗೋಣವೇ ಎಂದು ಅವನು ಕೇಳುವ ಗಳಿಗೆ ಅದು. ಅದುವರೆಗೆ ಬಟ್ಟೆ, ಸಂಗೀತ, ಹುಡುಗಾಟಗಳ ಹಗುರ ಧಾಟಿಯಲ್ಲಿ ನಡೆದ ಕಥೆ ಅಲ್ಲಿ ತಟಕ್ಕನೆ ಕಡಿದುಹೋಗುತ್ತದೆ. ಮ್ಯಾಲ್ಕಮ್ ಸಾಯುತ್ತಾನೆ, ಲೋಯಿಸ್ ಉಳಿಯುತ್ತಾಳೆ. ಕೋ ಅವಳನ್ನು ಮರೆಯುವುದಿಲ್ಲ. 2004ರ ‘ದಿ ಕ್ಲೋಸ್ಡ್ ಸರ್ಕಲ್’ನಲ್ಲೂ, 2018ರ ‘ಮಿಡಲ್ ಇಂಗ್ಲೆಂಡ್’ನಲ್ಲೂ ಆ ಕುಟುಂಬದ ಕಥೆ ಮುಂದುವರಿದಾಗ ಲೋಯಿಸ್ ಆ ರಾತ್ರಿಯನ್ನು ಹೊತ್ತುಕೊಂಡೇ ನಡೆಯುತ್ತಿರುತ್ತಾಳೆ.

‘ಮಿಡಲ್ ಇಂಗ್ಲೆಂಡ್’ ಯುರೋಪಿಯನ್ ಒಕ್ಕೂಟವನ್ನು ತೊರೆಯುವ ತೀರ್ಮಾನದ ಸುತ್ತಲಿನ ವರ್ಷಗಳ ಕಥೆ, ಕೋಸ್ಟಾ ಕಾದಂಬರಿ ಪ್ರಶಸ್ತಿ ಪಡೆದದ್ದು. ಅದರಲ್ಲಿ ವಯಸ್ಸಾದ ಕಾಲಿನ್ ಟ್ರಾಟರ್, ತಾನು ಜೀವಮಾನವೆಲ್ಲ ದುಡಿದ ಲಾಂಗ್‌ಬ್ರಿಜ್ ಕಾರ್ಖಾನೆಯನ್ನು ನೋಡಬೇಕೆಂದು ಮಗನೊಡನೆ ಹೋಗುತ್ತಾನೆ. ಕಾರ್ಖಾನೆ ಇಲ್ಲ, ಅಂಗಡಿಗಳಿವೆ. ಏನನ್ನೂ ತಯಾರಿಸದೆ ಬರೀ ಅಂಗಡಿ ಇಟ್ಟರೆ ಕೊಳ್ಳುವ ಹಣ ಜನರಿಗೆ ಎಲ್ಲಿಂದ ಬರಬೇಕು ಎಂಬುದು ಮುದುಕನಿಗೆ ಅರ್ಥವಾಗುವುದೇ ಇಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ತಂದೆ, ಅದು ಮುಚ್ಚಿದ ಎಷ್ಟೋ ವರ್ಷಗಳ ಮೇಲೂ ಬಸ್ಸು ಆ ರಸ್ತೆ ಹಿಡಿದಾಗ ಗೇಟಿನ ಕಡೆ ಕತ್ತು ತಿರುಗಿಸುತ್ತಿದ್ದರು. ಕಾಲಿನ್‌ನ ಪ್ರಶ್ನೆಯನ್ನು ಓದುವಾಗ ನನಗೆ ಆ ಕತ್ತು ನೆನಪಾಯಿತು. ಕಾಲಿನ್‌ನ ರಾಜಕೀಯ ಕೋ ಅವರ ರಾಜಕೀಯವಲ್ಲ. ಆದರೂ ಅವನನ್ನು ನಗೆಪಾಟಲು ಮಾಡಲು ಅವರು ಒಪ್ಪಿಲ್ಲ. ಇನ್ನೊಂದು ಕಡೆ, ಮನೆಗೆಲಸ ಮಾಡುವ ಗ್ರೆಟೆ ಎಂಬ ಲಿಥುವೇನಿಯಾದ ಹೆಂಗಸು ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿದ್ದಕ್ಕೆ ಒಬ್ಬ ಗಂಡಸು ಅವಳ ಮೇಲೆ ಎಗರಿಬೀಳುತ್ತಾನೆ. ಕಣ್ಣಾರೆ ಕಂಡ ಹೆಲೆನಾ ಎಂಬ ಸಭ್ಯ ಮುದುಕಿ ಸಾಕ್ಷಿ ಹೇಳಲು ಒಪ್ಪುವುದಿಲ್ಲ. ಅವಳು ಕಿರುಚುವುದಿಲ್ಲ, ಬಯ್ಯುವುದಿಲ್ಲ, ಮೆಲ್ಲಗೆ ನಿರಾಕರಿಸುತ್ತಾಳೆ. ವಿನ್‌ಶಾಗಳ ರಕ್ತಪಾತಕ್ಕಿಂತ ಈ ಮೆಲುದನಿ ನನ್ನನ್ನು ಹೆಚ್ಚು ಹೆದರಿಸಿತು.

ಈ ಕಾದಂಬರಿಯಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವು ಪಾತ್ರಗಳು ಪತ್ರಿಕೆಯ ಅಂಕಣ ಓದಿದಂತೆ ಮಾತಾಡುತ್ತವೆ, ಘಟನೆಗಳು ಕೆಲವೊಮ್ಮೆ ವಾದಕ್ಕೆ ಬೇಕಾದ ಕಡೆಗೇ ಹೊರಳುತ್ತವೆ. 2022ರ ‘ಬೋರ್ನ್‌ವಿಲ್’ ಇದಕ್ಕಿಂತ ಕಸುವುಳ್ಳದ್ದು. ಕ್ಯಾಡ್‌ಬರಿ ಚಾಕೊಲೇಟಿನ ಊರಾದ ಬೋರ್ನ್‌ವಿಲ್‌ನ ಮೇರಿ ಎಂಬ ಹೆಣ್ಣಿನ ಬಾಳನ್ನು ಅದು 1945ರ ಯುದ್ಧವಿಜಯದ ದಿನದಿಂದ ಆ ದಿನದ 75ನೇ ವರ್ಷದವರೆಗೆ, ಇಡೀ ದೇಶ ಒಟ್ಟಾಗಿ ಕೂತು ನೋಡಿದ ಏಳು ಸಂದರ್ಭಗಳ ಮೂಲಕ ಹೇಳುತ್ತದೆ. ಬ್ರಿಟನ್ನಿನ ಚಾಕೊಲೇಟಿನಲ್ಲಿರುವ ಸಸ್ಯಜನ್ಯ ಕೊಬ್ಬಿನ ಬಗ್ಗೆ ಯುರೋಪಿನಲ್ಲಿ ವರ್ಷಗಟ್ಟಲೆ ನಡೆದ ಜಗಳದ ಭಾಗ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಮೇರಿಯ ಪಾತ್ರಕ್ಕೆ ಮಾದರಿ ಲೇಖಕರ ತಾಯಿ, ಅವರು ತೀರಿಕೊಂಡದ್ದು 2020ರಲ್ಲಿ, ಕೋವಿಡ್ ನಿರ್ಬಂಧಗಳ ಕಾಲದಲ್ಲಿ. ನಿಯಮ ಪಾಲಿಸುವ ಸಂಸಾರ ತನ್ನ ಹಿರಿಯಳಿಂದ ದೂರ ನಿಲ್ಲಬೇಕಾದ ಆ ಕೊನೆಯ ಅಧ್ಯಾಯದಲ್ಲಿ ಲೇಖಕರ ಸಿಟ್ಟು ಇದೆ, ಅದನ್ನು ಹಾಸ್ಯದಿಂದ ಮೃದುಗೊಳಿಸುವ ಪ್ರಯತ್ನ ಇಲ್ಲ.

ಕೋ ಅವರನ್ನು ಇನ್ನೂ ಓದದವರು ‘ದಿ ರಾಟರ್ಸ್ ಕ್ಲಬ್’ನಿಂದ ಆರಂಭಿಸಬೇಕೆಂದು ನನ್ನ ಕೋರಿಕೆ. ಪಬ್ಬಿನ ಅಧ್ಯಾಯ ಮುಗಿದ ಮೇಲೆ ಶಾಲೆಯ ಹುಡುಗರ ಪತ್ರಿಕೆ, ಅದರ ಜಗಳ, ಅವರ ಕಿತಾಪತಿಗಳು ಮತ್ತೆ ಶುರುವಾಗುತ್ತವೆ, ನೀವು ಮತ್ತೆ ನಗುತ್ತೀರಿ. ಬೆಂಜಮಿನ್ ಮಾತ್ರ ನಡುನಡುವೆ ಆಸ್ಪತ್ರೆಗೆ ಹೋಗಿ, ಮಾತು ಕಡಿಮೆಯಾಗಿರುವ ಅಕ್ಕನ ಪಕ್ಕದಲ್ಲಿ ನಡೆಯುತ್ತಾ ಅವಳಿಗೆ ಕಥೆ ಹೇಳುತ್ತಿರುತ್ತಾನೆ.