ಸಂಜೆಯಾದರೆ ಎರಡು ಇಂಚು ಜಾಸ್ತಿ

ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ತುಮಕೂರಿನ ನನ್ನ ಪುಟ್ಟ ಟೈಲರಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಎಲ್ಲಿ ನೋಡಿದರೂ ಬ್ಲೌಸ್ ಪೀಸು. ಸಂಜೆ ಏಳರ ಹೊತ್ತಿಗೆ ಒಬ್ಬ ಅಜ್ಜಿ ಸೊಸೆಯ ಬ್ಲೌಸ್ ತೆಗೆದುಕೊಂಡು ಹೋಗಲು ಬಂದರು. ಹತ್ತು ವರ್ಷದಿಂದ ನನ್ನ ಹತ್ತಿರವೇ ಹೊಲಿಸುವ ಮನೆ. ನಾನು ಎದ್ದು ಮೇಲಿನ ಶೆಲ್ಫಿನಿಂದ ಕವರ್ ತೆಗೆಯುವಾಗ ಅವರು ನನ್ನನ್ನೇ ನೋಡಿದರು. ಮುಖ ಅರಳಿತು.

“ಎಷ್ಟು ತಿಂಗಳು ಕಣವ್ವ? ನಂಗೊಂದು ಮಾತು ಹೇಳಲೇ ಇಲ್ವಲ್ಲ!”

“ಏನಿಲ್ಲ ಅಜ್ಜಿ, ಗ್ಯಾಸ್ ಅಷ್ಟೇ” ಅಂದೆ. ಅವರಿಗೆ ಪಾಪ, ಬೇಜಾರಾಯಿತು. ನನ್ನ ಕೆನ್ನೆ ಸವರಿ ಹೋದರು. ನಾನು ಶಟರ್ ಅರ್ಧ ಎಳೆದು ಕೂತೆ. ಆ ಹೊಟ್ಟೆ ಹೋಗಲಿ ಅಂತಲೇ ನಾನು ಆಪರೇಷನ್ ಮಾಡಿಸಿಕೊಂಡು ಐದು ತಿಂಗಳಾಗಿತ್ತು.

ನನಗೆ 39 ವರ್ಷ. ಎರಡು ಹೆರಿಗೆಯೂ ಸಿಸೇರಿಯನ್. ಎರಡನೆಯದು ಆದ ಮೇಲೆ ಹೊಟ್ಟೆಯ ಮಧ್ಯದ ಸ್ನಾಯುಗಳು ಎರಡು ಕಡೆಗೆ ಸರಿದುಬಿಟ್ಟಿದ್ದವು. ಡಾಕ್ಟರ ಭಾಷೆಯಲ್ಲಿ ಡಯಾಸ್ಟಾಸಿಸ್. ಹಾಸಿಗೆಯಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಣ್ಣೆ ಎದ್ದು ನಿಲ್ಲುತ್ತಿತ್ತು. ಆ ಸಂದಿಯಲ್ಲಿ ನಾಲ್ಕು ಬೆರಳು ಹಿಡಿಸುತ್ತಿತ್ತು. ಹೊಕ್ಕುಳ ಹತ್ತಿರ ಸಣ್ಣ ಹರ್ನಿಯಾ ಬೇರೆ. ಮಷೀನ್ ಮುಂದೆ ಕೂತರೆ ಸೊಂಟ ಬಿದ್ದುಹೋಗುವಷ್ಟು ನೋವು. ಒಂದು ವರ್ಷ ವ್ಯಾಯಾಮ ಮಾಡಿದೆ, ಸಂದಿ ಮುಚ್ಚಲಿಲ್ಲ. ಕೊನೆಗೆ ಚೀಟಿ ಹಣ ಎತ್ತಿ, ಸಿದ್ಧಗಂಗೆ ಜಾತ್ರೆ ಮುಗಿದ ವಾರ ಬೆಂಗಳೂರಿಗೆ ಹೋಗಿ ಟಮ್ಮಿ ಟಕ್ ಮಾಡಿಸಿಕೊಂಡೆ. ಅತ್ತೆಗೆ, ಓರಗಿತ್ತಿಗೆ ಹರ್ನಿಯಾ ಆಪರೇಷನ್ ಅಂತಷ್ಟೇ ಹೇಳಿದ್ದೆ. ಅದು ಅರ್ಧ ನಿಜ.

ಟಕ್ ಅನ್ನೋದು ನಮ್ಮ ಕಸುಬಿನ ಮಾತೇ ಅಲ್ವಾ. ದಿನಕ್ಕೆ ಎಷ್ಟು ಬ್ಲೌಸಿಗೆ ಟಕ್ಸ್ ಹಿಡಿಯುತ್ತೇನೋ ಲೆಕ್ಕವಿಲ್ಲ. ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನನಗೆ ಬೇಗ ಅರ್ಥವಾಯಿತು. ಕೆಳಗೆ ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ಯುತ್ತಾರೆ. ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ ಎತ್ತುತ್ತಾರೆ. ಸರಿದ ಸ್ನಾಯುಗಳನ್ನು ಮಧ್ಯಕ್ಕೆ ತಂದು ಮೇಲಿಂದ ಕೆಳಗೆ ಹೊಲಿಯುತ್ತಾರೆ. ಆಮೇಲೆ ಚರ್ಮ ಕೆಳಕ್ಕೆಳೆದು, ಜಾಸ್ತಿ ಇದ್ದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಬಟ್ಟೆಗೆ ಟಕ್ ಹಿಡಿದರೆ ಆ ಕ್ಷಣಕ್ಕೇ ಸರಿಯಾಗಿ ಕೂರುತ್ತದೆ. ಮೈಯೂ ಹಾಗೇ ಅಂದುಕೊಂಡುಬಿಟ್ಟೆ.

ಮೊದಲ ದಿನಗಳ ಕಷ್ಟ ತಡೆದುಕೊಂಡೆ. ಬಗ್ಗಿಕೊಂಡೇ ನಡೆದದ್ದು, ನೀರು ಇಳಿಯಲು ಇಟ್ಟ ಎರಡು ಟ್ಯೂಬು, ಹಗಲೂ ರಾತ್ರಿ ಬಿಗಿ ಬೆಲ್ಟು. ಮೂರನೇ ವಾರ ಚರ್ಮದ ಕೆಳಗೆ ಮತ್ತೆ ನೀರು ತುಂಬಿ, ಸೂಜಿ ಹಾಕಿ ತೆಗೆದರು. ಹೊಕ್ಕುಳ ಕೆಳಗೆ ಜೋಮು ಹಿಡಿದ ಹಾಗೆ, ಏನೂ ತಿಳಿಯುತ್ತಿರಲಿಲ್ಲ. ಒಂದು ದಿನ ಹೊಲಿಯುತ್ತಿದ್ದ ಬಟ್ಟೆಯ ಗುಂಡುಪಿನ್ನು ಅಲ್ಲಿ ಚುಚ್ಚಿತ್ತು. ನೈಟಿಯ ಮೇಲೆ ರಕ್ತದ ಚುಕ್ಕಿ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

“ಆರು ವಾರಕ್ಕೆ ಎಲ್ಲ ನಾರ್ಮಲ್” ಅಂತ ಹೇಳಿ ಕಳಿಸಿದ್ದರು. ನಾನು ಅದನ್ನೇ ನಂಬಿ ದಿನ ಎಣಿಸಿದೆ. ಆರು ವಾರ ಆಯಿತು, ಮೂರು ತಿಂಗಳಾಯಿತು. ಬೆಳಗ್ಗೆ ಎದ್ದಾಗ ಹೊಟ್ಟೆ ಚೆನ್ನಾಗಿಯೇ ಇರುತ್ತಿತ್ತು. ಸಂಜೆ ಹೊತ್ತಿಗೆ ಗಾಯದ ಗೆರೆಯ ಮೇಲೆ ಊದಿಕೊಂಡು, ಪಕ್ಕೆಲುಬಿನ ಕೆಳಗೂ ಮುಂದೆ ಬಂದಿರುತ್ತಿತ್ತು. ಕತ್ತಿನಲ್ಲಿ ಸದಾ ಟೇಪ್ ಇರುವವಳು ನಾನು. ಅಳೆದು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ಬೆಳಗ್ಗೆ 33, ರಾತ್ರಿ 35. ಮದುವೆ ಊಟ ಮಾಡಿದ ದಿನ 35 ಮುಕ್ಕಾಲು. ಯಾರಿಗೂ ತೋರಿಸಲಿಲ್ಲ. ಗಂಡನಿಗೂ ಹೇಳಲಿಲ್ಲ. ಅಷ್ಟು ಹಣ ಸುರಿದು ಮೋಸ ಹೋದೆನಾ ಅನ್ನುವ ಭಯ.

ಅಜ್ಜಿ ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಒಳಗಿನ ಹೊಲಿಗೆ ಬಿಟ್ಟುಹೋಗಿದೆ ಅಂತ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಮೂರನೇ ತಿಂಗಳಲ್ಲಿ ಬಟ್ಟೆಯ ಗಂಟು ಎತ್ತಿದ್ದೆ. ಮಳೆಗಾಲದಲ್ಲಿ ವಾರವಿಡೀ ಕೆಮ್ಮಿದ್ದೆ. ಎಲ್ಲ ಒಂದೊಂದಾಗಿ ನೆನಪಿಗೆ ಬಂತು.

ಹಬ್ಬದ ಕೆಲಸ ಅಕ್ಕನ ಮಗಳಿಗೆ ಒಪ್ಪಿಸಿ ಬೆಳಗಿನ ರೈಲು ಹತ್ತಿದೆ. ಕ್ಯಾತ್ಸಂದ್ರದಲ್ಲೇ ಬೋಗಿ ತುಂಬಿತು. ಒಬ್ಬ ಕಾಲೇಜು ಹುಡುಗಿ ನನ್ನ ಹೊಟ್ಟೆ ನೋಡಿ ಎದ್ದು ಸೀಟು ಕೊಟ್ಟಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತೆ.

ಡಾಕ್ಟರು ನಿಲ್ಲಿಸಿ ನೋಡಿದರು, ಪಕ್ಕಕ್ಕೆ ತಿರುಗಿಸಿ ನೋಡಿದರು. ಮಲಗಿಸಿ, ಮೊಣಕಾಲು ಮಡಚಿ ತಲೆ ಮಾತ್ರ ಎತ್ತಲು ಹೇಳಿ ಹೊಟ್ಟೆಯ ನಡುವೆ ಬೆರಳಿಳಿಸುತ್ತಾ ಹೋದರು. ಕೆಮ್ಮಲು ಹೇಳಿದರು. ಒಂದು ಬದಿ ಅಂಗೈ ಇಟ್ಟು ಇನ್ನೊಂದು ಬದಿ ಬೆರಳಿನಿಂದ ಮೀಟಿದರು. ಒಳಗೆ ನೀರು ನಿಂತಿದ್ದರೆ ಅಲೆಯ ಹಾಗೆ ಅಂಗೈಗೆ ತಟ್ಟುತ್ತದಂತೆ. ಆಮೇಲೆ ಸ್ಕ್ಯಾನಿಂಗ್. ನಾನು ಕಣ್ಣು ಮುಚ್ಚಿ ಮಲಗಿದ್ದೆ.

“ಹೊಲಿಗೆ ಗಟ್ಟಿಯಾಗಿದೆ ನೋಡಿ. ಒಳಗೆ ನೀರು ಮಡುಗಟ್ಟಿ ನಿಂತಿಲ್ಲ, ಹರ್ನಿಯಾ ಇಲ್ಲ” ಅಂದರು. ಕಣ್ಣಲ್ಲಿ ನೀರು ಸುಮ್ನೆ ಇಳಿಯಿತು.

ಹಾಗಾದರೆ ಈ ಉಬ್ಬು ಯಾವುದು? ಅವರು ಬಿಡಿಸಿ ಹೇಳಿದರು. ಚರ್ಮ ಎತ್ತುವಾಗ, ಕೊಯ್ಯುವಾಗ, ಊತದ ನೀರನ್ನು ಸಾಗಿಸುವ ಸಣ್ಣ ನಾಳಗಳೂ ಕತ್ತರಿಸಿಹೋಗುತ್ತವೆ. ಹೊಸ ದಾರಿ ಆಗುವವರೆಗೆ ಆ ನೀರು ಮಡುಗಟ್ಟದೆ, ಗಾಯದ ಗೆರೆಯ ಮೇಲಿನ ಚರ್ಮದಲ್ಲೇ ಇಂಗಿ ನಿಲ್ಲುತ್ತದೆ. ದಿನವಿಡೀ ಕೂತರೆ, ನಿಂತರೆ, ಉಪ್ಪು ಜಾಸ್ತಿ ತಿಂದರೆ ಸಂಜೆಗೆ ಊದುತ್ತದೆ. ಪೂರ್ತಿ ಇಳಿಯಲು ಕೆಲವರಿಗೆ ಒಂದು ವರ್ಷವೂ ಬೇಕು. ಇನ್ನು ಪಕ್ಕೆಲುಬಿನ ಕೆಳಗಿನ ಉಬ್ಬು ಬೇರೆ. ಅದು ಸ್ನಾಯುವಿನ ಒಳಗೆ, ಕರುಳಿನ ಸುತ್ತ ಇರುವ ಕೊಬ್ಬು. ಆಪರೇಷನ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದನ್ನು ಊಟ, ನಡಿಗೆಯಿಂದಲೇ ಇಳಿಸಬೇಕು.

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಸರ್?” ಅಂತ ಕೇಳಿದೆ. ನೀವು ಸಹಿ ಮಾಡಿದ ಪೇಪರಿನಲ್ಲಿ ಇದೆ ಅಂದರು. ಇತ್ತು. ಆಪರೇಷನ್ ಹಿಂದಿನ ಸಂಜೆ ಕೊಟ್ಟ ನಾಲ್ಕು ಪುಟ, ಎಲ್ಲ ಇಂಗ್ಲಿಷ್. ನನಗೆ ಸಿಟ್ಟು ಬಂದದ್ದು ಅಲ್ಲೇ. ಚಿತ್ರ ಬರೆದು ಅಷ್ಟು ಚೆನ್ನಾಗಿ ವಿವರಿಸಿದವರು, ಇದೊಂದು ಮಾತನ್ನೂ ಕನ್ನಡದಲ್ಲಿ ಹೇಳಿದ್ದರೆ ನಾನು ಐದು ತಿಂಗಳು ಒಬ್ಬಳೇ ಹೆದರಿಕೊಂಡು ಕೂರುತ್ತಿರಲಿಲ್ಲ. ನನ್ನ ಹಾಗೆ ಮಾಡಿಸಿಕೊಂಡವರಿಗೆ ಕೇಳಿಕೊಳ್ಳುವುದು ಇಷ್ಟೇ. ಉಬ್ಬು ಕಂಡರೆ ಬಚ್ಚಿಟ್ಟುಕೊಳ್ಳಬೇಡಿ, ಹೋಗಿ ತೋರಿಸಿ. ಜ್ವರ ಬಂದರೆ, ಒಂದು ಕಡೆ ಕೆಂಪಾಗಿ ಬಿಸಿಯಾದರೆ, ಇದ್ದಕ್ಕಿದ್ದ ಹಾಗೆ ಊದಿದರೆ, ಕೆಮ್ಮಿದಾಗ ಗಂಟು ಎದ್ದರೆ ಒಂದು ದಿನವೂ ಕಾಯಬೇಡಿ.

ಆಮೇಲೆ ಬೆಳಗ್ಗೆ ಅಮಾನಿಕೆರೆಯ ದಂಡೆ ಸುತ್ತುವುದು ಶುರು ಮಾಡಿದೆ. ಹಪ್ಪಳ, ಉಪ್ಪಿನಕಾಯಿ ಬಿಟ್ಟೆ. ಗಂಟೆಗೊಮ್ಮೆ ಮಷೀನ್ ಬಿಟ್ಟು ಏಳುತ್ತೇನೆ. ದೀಪಾವಳಿ ಹೊತ್ತಿಗೆ ರಾತ್ರಿಯ ಅಳತೆ 34ಕ್ಕೆ ಬಂತು.

ಆ ವಾರವೇ ಅಜ್ಜಿ ಮತ್ತೆ ಬಂದರು. ಈ ಸಲ ಗ್ಯಾಸ್ ಅನ್ನಲಿಲ್ಲ. ಅಳತೆ ತೆಗೆಯುವ ಪರದೆಯ ಹಿಂದೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ, ಗಾಯದ ಗೆರೆ ತೋರಿಸಿದೆ. ಅವರು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೆರಗು ಸರಿಸಿ ತಮ್ಮ ಹೊಟ್ಟೆ ತೋರಿಸಿದರು. ಹೊಕ್ಕುಳ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟು.

“ಕೊನೇ ಮಗ ಹುಟ್ಟಿದಾಗಿಂದ ಐತೆ ಕಣವ್ವ. ಕೆಮ್ಮುವಾಗ ಕೈಲಿ ಒತ್ತಿ ಹಿಡ್ಕೊಂತೀನಿ. ಯಾರಿಗೂ ತೋರ್ಸಿಲ್ಲ.”

“ನೋವು ಬಂದ್ರೆ, ವಾಂತಿ ಆದ್ರೆ ಆ ಕ್ಷಣಕ್ಕೇ ಫೋನ್ ಮಾಡಿಸಬೇಕು ಅಜ್ಜಿ. ಇಲ್ಲಾಂದ್ರೂ ಸೋಮವಾರ ಜಿಲ್ಲಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ” ಅಂದೆ. ಅವರು ಹೋದ ಮೇಲೆ ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ: ಸೋಮವಾರ ಅಂಗಡಿ ಮಧ್ಯಾಹ್ನದ ಮೇಲೆ.